ಕೆಲಸ ಹೋದರೂ ಊರಿಗೆ ಬರುವ ಹಣ ಏಕೆ ಕುಸಿಯಲಿಲ್ಲ?

2020ರಲ್ಲಿ ಕೊರೊನಾ ಕಾಲಕ್ಕೆ ಗಲ್ಫ್‌ನಿಂದ ಅಷ್ಟು ಜನ ಕೆಲಸ ಬಿಟ್ಟು ಬಂದರೂ ಭಾರತಕ್ಕೆ ಬಂದ ಹಣ ಏಕೆ ಕುಸಿಯಲಿಲ್ಲ ಅಂತ ಕೇಳಿದ್ದೀರಿ. ವಿಶ್ವಬ್ಯಾಂಕ್ ಕೂಡ ಆ ಏಪ್ರಿಲ್‌ನಲ್ಲಿ ಬಡ, ಮಧ್ಯಮ ಆದಾಯದ ದೇಶಗಳಿಗೆ ಶೇ. 20ರಷ್ಟು ಇಳಿಕೆ ಊಹಿಸಿತ್ತು. ಮರುವರ್ಷ ಮೇನಲ್ಲಿ ಲೆಕ್ಕ ಸಿಕ್ಕಾಗ ಆ ದೇಶಗಳಿಗೆಲ್ಲ ಸೇರಿ ಇಳಿದದ್ದು ಶೇ. 1.6 ಮಾತ್ರ.

ವಿಮಾನ ನಿಂತಿದ್ದರಿಂದ ಕೈಯಲ್ಲಿ, ಹುಂಡಿಯಲ್ಲಿ (ಬ್ಯಾಂಕಿಲ್ಲದೆ ದಲ್ಲಾಳಿಗಳ ಮೂಲಕ) ಬರುತ್ತಿದ್ದ ದುಡ್ಡು ಬ್ಯಾಂಕಿನತ್ತ ತಿರುಗಿ ಲೆಕ್ಕಕ್ಕೆ ಸಿಕ್ಕಿತು. ಅದಕ್ಕಿಂತ ಮನಸ್ಸಿಗೆ ತಟ್ಟುವುದು ವಾಪಸಾಗುವವರ ಇಡುಗಂಟು. ಯುಎಇಯಲ್ಲಿ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡುಗಂಟು, ಮೊದಲ 5 ವರ್ಷಕ್ಕೆ ತಲಾ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲವೇತನ; ಅದಕ್ಕೆ ಭತ್ಯೆ ಸೇರುವುದಿಲ್ಲ. ಮೂಲವೇತನ 1,000 ದಿರ್ಹಮ್ ಇದ್ದ ಗಾರೆ ಕೆಲಸದವರಿಗೆ 6 ವರ್ಷಕ್ಕೆ 135 ದಿನ, ಅಂದರೆ 4,500 ದಿರ್ಹಮ್. ಆಗಿನ ದರದಲ್ಲಿ ಸುಮಾರು 90,000 ರೂಪಾಯಿ. ಅಂಕಿಅಂಶದಲ್ಲಿ ಅದು ಏರಿಕೆ, ಆ ಮನೆಗೆ ಕೊನೆಯ ಕಂತು. ಹಾಗಾಗಿ ಒಂದೇ ವರ್ಷದ ಅಂಕಿ ನೋಡಿ ಏನೂ ಆಗಿಲ್ಲ ಅನ್ನಬೇಡಿ.

ಕರೆನ್ಸಿಯನ್ನೂ ಗಮನಿಸಿ. 2014-15ರಲ್ಲಿ ರಷ್ಯಾದ ಕರೆನ್ಸಿ ರೂಬಲ್ ಬಿದ್ದಾಗ ಅಲ್ಲಿ ದುಡಿಯುವ ತಜಿಕಿಸ್ತಾನದವರು ಮೊದಲಿನಷ್ಟೇ ರೂಬಲ್ ಕಳಿಸಿದರೂ ಡಾಲರ್‌ನಲ್ಲಿ ಅದು ಹೆಚ್ಚುಕಡಿಮೆ ಅರ್ಧ. ದಿರ್ಹಮ್ ಡಾಲರಿಗೆ 3.6725ರಂತೆ ನಿಗದಿ, ರೂಪಾಯಿ ಇಳಿದರೆ ಮಂಗಳೂರಿನ ಮನೆಗೆ ಅದೇ ಸಂಬಳ ಹೆಚ್ಚು ರೂಪಾಯಿಯಾಗಿ ತಲುಪುತ್ತದೆ.