ಎರಡನೇ ವರ್ಷಕ್ಕೂ ಹಾಸ್ಟೆಲ್ ಸೀಟು ಇರುತ್ತಾ?

ಪ್ರಶ್ನೆ: ಧಾರವಾಡದಲ್ಲಿ ಬಿ.ಎ. ಮೊದಲ ವರ್ಷ ಮುಗಿಯಿತು. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲ್‌ನಲ್ಲಿದ್ದೇನೆ. ಮುಂದಿನ ವರ್ಷ ಸೀಟು ತಾನಾಗೇ ಮುಂದುವರಿಯುತ್ತಾ?

ಉತ್ತರ: ಹಾಗಂದುಕೊಂಡು ಸುಮ್ನೆ ಊರಿಗೆ ಹೋಗಿ ಕೂರಬೇಡಿ. ರಜೆಗೆ ಹೊರಡುವ ಮುಂಚೆಯೇ ವಾರ್ಡನ್ ಹತ್ತಿರ ನವೀಕರಣ ಯಾವಾಗ, ಏನೇನು ಕೊಡಬೇಕು ಅಂತ ಕೇಳಿ. ಮಾರ್ಕ್ಸ್ ಕಾರ್ಡ್, ಹೊಸ ವರ್ಷದ ಫೀ ರಸೀದಿ ಜೊತೆಗಿರಲಿ. ಜಾಸ್ತಿ ಜನ ಎಡವುವುದು ಆದಾಯ ಪ್ರಮಾಣಪತ್ರದಲ್ಲಿ: ಅದು ನಡೆಯುವುದು 5 ವರ್ಷ ಮಾತ್ರ, ಎಸ್ಸೆಸ್ಸೆಲ್ಸಿ ಹೊತ್ತಿಗೆ ಮಾಡಿಸಿದ್ದು ಡಿಗ್ರಿ ಮಧ್ಯದಲ್ಲೇ ಮುಗಿದಿರುತ್ತದೆ, ಗೊತ್ತಾಗುವುದು ಕೊನೇ ದಿನ! ಈಗಲೇ ನಾಡಕಚೇರಿಗೆ ಹೋಗಿಬನ್ನಿ.

ಸೀಟು ಸಿಗಲೇ ಇಲ್ಲವಾ? ಹಾಸ್ಟೆಲ್ ಸಿಗದವರ ಊಟ-ವಸತಿಗೆ ಸರ್ಕಾರ ಹಣ ಕೊಡುವ ವಿದ್ಯಾಸಿರಿ ಯೋಜನೆಗೆ ಅರ್ಜಿ ಹಾಕಿ. ತಿಂಗಳಿಗೆ ಇಷ್ಟು ಅಂತ 10 ತಿಂಗಳು ಹಣ ಬರುತ್ತದೆ. ಪಿಜಿಗೆ (ಪೇಯಿಂಗ್ ಗೆಸ್ಟ್ ವಸತಿಗೆ) ಸಾಲುವುದಿಲ್ಲ, ನಿಜ. ಮೂವರು ಸೇರಿ ರೂಮು ಮಾಡಿ ಅಡುಗೆ ನೀವೇ ಮಾಡಿಕೊಂಡರೆ ಹೇಗೋ ನಡೆಯುತ್ತದೆ.