ಟ್ರುಹಿಯೊ ಸತ್ತರೂ ಹೋಗದ ಹೆದರಿಕೆ

1961ರಲ್ಲೇ ಸತ್ತ ಸರ್ವಾಧಿಕಾರಿ ಟ್ರುಹಿಯೊ ಬಗ್ಗೆ ಕೆರಿಬಿಯನ್‌ನ ಡೊಮಿನಿಕನ್ ಗಣರಾಜ್ಯದ ಹಿರಿಯರು ಇನ್ನೂ ಯಾಕೆ ಇಷ್ಟು ಹುಷಾರಾಗಿ ಮಾತಾಡುತ್ತಾರೆ ಎಂದು ಕೇಳಿದ್ದೀರಿ. ಅಲ್ಲಿ ಪೊಲೀಸರಿಗಿಂತ ಪಕ್ಕದ ಮನೆಯವರ ಭಯ ಜಾಸ್ತಿ ಇತ್ತು, ಅದಕ್ಕೆ. ಗುಪ್ತಚರ ದಳಕ್ಕೆ ಸುದ್ದಿ ಮುಟ್ಟಿಸುವವರು ಎಲ್ಲೆಲ್ಲೂ ಇದ್ದರು. 'ಎಲ್ ಕರೀಬೆ' ಪತ್ರಿಕೆಯಲ್ಲಿ 'ಫೋರೊ ಪುಬ್ಲಿಕೊ' ಎಂಬ ಅಂಕಣವಿತ್ತು. ಓದುಗರ ಪತ್ರದ ವೇಷದಲ್ಲಿ ಅಲ್ಲಿ ಜನರ ಮಾನ ಹರಾಜಾಗುತ್ತಿತ್ತು. ಅದರಲ್ಲಿ ಹೆಸರು ಬಂತೆಂದರೆ ನೌಕರಿಗೆ ಕುತ್ತು ಅಂತಲೇ ಲೆಕ್ಕ. ಮನೆ ಗೋಡೆ ಮೇಲೆ 'ಈ ಮನೆಯಲ್ಲಿ ಟ್ರುಹಿಯೊನೇ ಯಜಮಾನ' ಎಂಬ ಫಲಕ ಬೇರೆ. ರಾಜಧಾನಿಗೂ 1936ರಿಂದ 1961ರವರೆಗೆ ಅವನದೇ ಹೆಸರು! ಇಂಥ ಕಡೆ ಬೆಳೆದ ಮಕ್ಕಳು ಮೊದಲು ಕಲಿತದ್ದು ಬಾಯಿ ಮುಚ್ಚಿಕೊಂಡಿರುವುದನ್ನೇ ಅಲ್ವಾ?

ಅವನು ಹೋದ ಮೇಲೂ ಪೂರ್ತಿ ಬಿಡುಗಡೆ ಸಿಗಲಿಲ್ಲ. ಅವನ ಕೈಗೊಂಬೆ ಅಧ್ಯಕ್ಷನಾಗಿದ್ದ ಬಲಗೇರ್ 1966ರಲ್ಲಿ ಮತ್ತೆ ಬಂದು 12 ವರ್ಷ ಆಳಿದ. 1986ರಿಂದ ಇನ್ನೂ 10 ವರ್ಷ. ಹಾಗಾಗಿ ಹಳೆಯ ಲೆಕ್ಕ ಚುಕ್ತಾ ಆಗಲೇ ಇಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಆಳವಾದ ಗಾಯ ಪಕ್ಕದ ದೇಶವಾದ ಹೈಟಿಯವರ ಮೇಲಿನ ದ್ವೇಷ. ಅದು ಮೊದಲೂ ಇತ್ತು, ನಿಜ. ಆದರೆ 1937ರಲ್ಲಿ ಗಡಿಯಲ್ಲಿ ಸಾವಿರಾರು ಜನರನ್ನು ಕೊಲ್ಲಿಸಿ ಅದನ್ನು ಸರ್ಕಾರದ ನೀತಿ ಮಾಡಿದ್ದು ಟ್ರುಹಿಯೊ. 2013ರಲ್ಲಿ ಸಂವಿಧಾನ ನ್ಯಾಯಾಲಯದ ತೀರ್ಪೊಂದರಿಂದ, ಅಲ್ಲೇ ಹುಟ್ಟಿದ ಹೈಟಿ ಮೂಲದ ಎಷ್ಟೋ ಜನ ಪೌರತ್ವ ಕಳೆದುಕೊಂಡರು.

ಇಷ್ಟಾದರೂ ಕಳ್ಳತನ ಜಾಸ್ತಿಯಾದರೆ 'ಇನ್ನೊಬ್ಬ ಟ್ರುಹಿಯೊ ಬೇಕು' ಅನ್ನುವವರು ಸಿಗುತ್ತಾರೆ. ಅವನನ್ನು ಹೊಗಳುವುದೇ ಅಪರಾಧ ಎಂಬ ಕಾನೂನು 1962ರಲ್ಲೇ ಬಂದಿದೆ. ಕೇಳುವವರು ಯಾರು?