ಜಪಾನಿನಲ್ಲಿ 'ರೇವಾ' ಯುಗದ ನಂತರ ಬರುವ ಹೆಸರನ್ನು ಈಗಲೇ ಊಹಿಸಬಹುದಾ?

ಅಲ್ಲಿ ಪ್ರತಿ ಚಕ್ರವರ್ತಿಯ ಆಳ್ವಿಕೆಯ ಕಾಲಕ್ಕೂ ಒಂದು ಹೆಸರಿಡುತ್ತಾರೆ, ಅದೇ ಯುಗ; ಈಗಿನದು ರೇವಾ. ಮುಂದಿನ ಹೆಸರು ಹೇಳುವುದು ಕಷ್ಟ. ಯಾವುದು ಬರುವುದಿಲ್ಲ ಅಂತ ಊಹಿಸುವುದು ಸುಲಭ.

ಅಲ್ಲಿನ ಅರ್ಜಿಗಳಲ್ಲಿ ಹುಟ್ಟಿದ ವರ್ಷವನ್ನು ಯುಗದ ಮೊದಲ ಇಂಗ್ಲಿಷ್ ಅಕ್ಷರದಿಂದ ಗುರುತಿಸುವುದುಂಟು. 'ಎಸ್ 60' ಅಂದರೆ ಶೋವಾ ಯುಗದ 60ನೇ ವರ್ಷ, ನಮ್ಮ ಲೆಕ್ಕದಲ್ಲಿ 1985. ಹಾಗಾಗಿ ಇತ್ತೀಚಿನ ಐದು ಯುಗಗಳಾದ ಮೇಜಿ, ತೈಶೋ, ಶೋವಾ, ಹೇಸೇ, ರೇವಾಗಳ ಎಂ, ಟಿ, ಎಸ್, ಎಚ್, ಆರ್ ಮತ್ತೆ ಬರುವುದು ಅನುಮಾನ. ಸುಮ್ನೆ ಗೊಂದಲ ಯಾಕೆ, ಅಲ್ವಾ?

ಹೆಸರಿಗೆ ಎರಡೇ ಕಾಂಜಿ (ಜಪಾನೀ ಬರಹದಲ್ಲಿ ಬಳಸುವ ಚೀನೀ ಮೂಲದ) ಅಕ್ಷರ. ಅರ್ಥ ಚೆನ್ನಾಗಿರಬೇಕು, ಓದಲು ಬರೆಯಲು ಸುಲಭವಿರಬೇಕು, ಹಿಂದೆ ಬಳಸಿರಬಾರದು. ಶೋವಾ, ರೇವಾ ಎರಡರಲ್ಲೂ 'ವಾ' ಇದೆ, ಇನ್ನೊಮ್ಮೆ ಬರಲಿಕ್ಕಿಲ್ಲ.

2019ರಲ್ಲಿ ಜನ ಜಾಸ್ತಿ ಊಹಿಸಿದ್ದು ಶಾಂತಿ ಅನ್ನುವ ಅರ್ಥದ 'ಆನ್' ಅಕ್ಷರವನ್ನು. ಏಪ್ರಿಲ್ 1ರಂದು ಬಂದಿದ್ದು ರೇವಾ! ಅದೂ ಹಿಂದಿನ ಹೆಸರುಗಳ ಹಾಗೆ ಚೀನೀ ಗ್ರಂಥದಿಂದಲ್ಲ, ಜಪಾನಿನದೇ ಹಳೆಯ ಕವನ ಸಂಕಲನ 'ಮಾನ್ಯೋಶು'ವಿನಿಂದ.